ಎಷ್ಟು ಜನ? ಒಬ್ಬಳೇ

ಬ್ಯಾಂಕಾಕಿಗೆ ಹೊರಟಿದ್ದೇನೆ ಎಂದರೆ ನಮ್ಮ ಕಡೆಯವರು ಮೊದಲು ಒಂದು ನಗೆ ನಗುತ್ತಾರೆ. ಅದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ತಿಪಟೂರು, ತುಮಕೂರು, ಹಾಸನ, ಎಲ್ಲಿ ಬೇಕಾದರೂ ಕೇಳಿ ನೋಡಿ, ಬ್ಯಾಂಕಾಕ್ ಎಂದರೆ ನಾಲ್ಕೈದು ಜನ ಗಂಡಸರು ಸೇರಿಕೊಂಡು, ಮನೆಯಲ್ಲಿ ಬಿಸಿನೆಸ್ ಟೂರ್ ಎಂದು ಹೇಳಿ ಹೋಗಿಬರುವ ಊರು. ವಾಪಸ್ ಬಂದ ಮೇಲೆ ತೋರಿಸುವ ಫೋಟೊಗಳಲ್ಲಿ ಹುಲಿ, ಆನೆ, ಬುದ್ಧ ಇಷ್ಟೇ ಇರುತ್ತವೆ. ಇಂಥ ಊರಿಗೆ ಇಪ್ಪತ್ತೆಂಟು ವರ್ಷದ, ಮದುವೆಯಾಗದ, ಐದು ವರ್ಷದಿಂದ ಪಿಎಚ್.ಡಿ ಮಾಡುತ್ತಲೇ ಇರುವ ಹೆಣ್ಣುಮಗಳೊಬ್ಬಳು ಒಬ್ಬಳೇ ಹೋಗುತ್ತೇನೆ ಎಂದಾಗ, ಅದೇ ನಗೆ ಮುಖದ ಮೇಲೆ ಎಲ್ಲಿ ಕೂರಬೇಕೆಂದು ತಿಳಿಯದೆ ಒದ್ದಾಡುತ್ತದೆ. 2024ರ ದಸರೆಗೆ ಮುಂಚಿನ ಹದಿನೈದು ದಿನ ನಾನು ಆ ಒದ್ದಾಟವನ್ನು ಹತ್ತಾರು ಮುಖಗಳಲ್ಲಿ ನೋಡಿದೆ.

ಹೋಗಿದ್ದು ಕೆಲಸಕ್ಕೇ. ಒಂದು ಭಾಷೆಯ ಪದ ಇನ್ನೊಂದು ಭಾಷೆಯ ಮನೆ ಸೇರಿ ಹೇಗೆ ಬಾಳುತ್ತದೆ ಎಂಬುದರ ಬಗ್ಗೆ ಅಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಎರಡು ದಿನದ ವಿಚಾರ ಸಂಕಿರಣವಿತ್ತು. ನನ್ನ ಸಂಶೋಧನೆ ಕನ್ನಡದ ತದ್ಭವಗಳ ಮೇಲೆ. ಪ್ರಬಂಧ ಒಪ್ಪಿಕೊಂಡರು, ವಿಮಾನದ ಖರ್ಚಿನಲ್ಲಿ ಅರ್ಧ ಕೊಡುತ್ತೇವೆಂದರು. ಭಾರತೀಯರಿಗೆ ಮೊದಲೇ ವೀಸಾ ಪಡೆಯುವ ತಾಪತ್ರಯವನ್ನು ಥಾಯ್ಲೆಂಡ್ 2023ರ ನವೆಂಬರಿನಿಂದಲೇ ತೆಗೆದುಹಾಕಿತ್ತು. ಎರಡು ದಿನಕ್ಕೆ ಇನ್ನೈದು ದಿನ ಸೇರಿಸಿಕೊಂಡೆ. ಅಮ್ಮ ಬೇಡವೆನ್ನಲಿಲ್ಲ. ಹೊರಡುವ ಹಿಂದಿನ ರಾತ್ರಿ ಕೊಬ್ಬರಿ ಮಿಠಾಯಿಯನ್ನು ಡಬ್ಬಿಗೆ ತುಂಬುತ್ತಾ, "ನಿಮ್ಮ ದೊಡ್ಡಪ್ಪಂಗೆ ಯೂನಿವರ್ಸಿಟಿಯಿಂದ ಹತ್ತು ಜನ ಹೋಗ್ತಿದಾರೆ ಅಂದಿದೀನಿ. ಫೋನ್ ಬಂದ್ರೆ ನೀನೂ ಹಾಗೇ ಅನ್ನು" ಎಂದಳು. ಉಳಿದ ಒಂಬತ್ತು ಜನರನ್ನು ಕಟ್ಟಿಕೊಂಡೇ ನಾನು ವಿಮಾನ ಹತ್ತಿದ್ದು.

ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿರುವ ಸಮುದ್ರಮಥನದ ದೊಡ್ಡ ಶಿಲ್ಪದ ಬಗ್ಗೆ ಅಲ್ಲಿಗೆ ಹೋಗಿಬಂದ ಕನ್ನಡಿಗರೆಲ್ಲ ಬರೆದಾಗಿದೆ, ನಾನು ಬಿಡುತ್ತೇನೆ. ನನ್ನ ಕಣ್ಣಿದ್ದದ್ದು ಬೋರ್ಡುಗಳ ಮೇಲೆ. ಎರಡು ತಿಂಗಳಿಂದ ಫೋನಿನಲ್ಲಿ ಥಾಯ್ ಲಿಪಿ ಕಲಿಯುತ್ತಿದ್ದೆ. ನಲವತ್ತನಾಲ್ಕು ವ್ಯಂಜನ, ಆದರೆ ಸಾಲು ನಮ್ಮದೇ. ಕ, ಖ ಎಂದು ಶುರುವಾಗಿ ಙ ಮುಟ್ಟಿ, ಆಮೇಲೆ ಚ ವರ್ಗ. ನಮ್ಮ ಮಕ್ಕಳು ಕ ಎಂದರೆ ಕಮಲ ಎನ್ನುವ ಹಾಗೆ ಅಲ್ಲಿನ ಮಕ್ಕಳು ಮೊದಲ ಅಕ್ಷರಕ್ಕೆ ಕೋಳಿಯ ಹೆಸರು ಹೇಳುತ್ತಾರೆ. ದಕ್ಷಿಣ ಭಾರತದ ಪಲ್ಲವ ಲಿಪಿ ಕಡಲು ದಾಟಿ ಖ್ಮೇರರ ಕೈಯಲ್ಲಿ ಬೇರೆ ರೂಪ ಪಡೆದು, ಅಲ್ಲಿಂದ ಥಾಯ್‌ಗಳಿಗೆ ಬಂದ ದಾರಿ ಅದು. ಇಲ್ಲಿ ನಮ್ಮ ಕನ್ನಡ ಅಕ್ಷರ ಕದಂಬರ ಬರವಣಿಗೆಯಿಂದ ಬೆಳೆದದ್ದು. ಬ್ರಾಹ್ಮಿಯ ಒಂದೇ ಮನೆಯಿಂದ ಹೊರಟ ಇಬ್ಬರು ಅಕ್ಕತಂಗಿಯರು ಸಾವಿರದೈನೂರು ವರ್ಷ ಒಬ್ಬರ ಮುಖ ಒಬ್ಬರು ನೋಡದೆ ಇದ್ದ ಹಾಗೆ.

ವಿಮಾನ ನಿಲ್ದಾಣದಿಂದ ಊರೊಳಗೆ ರೈಲಿದೆ, ಅರ್ಧ ಗಂಟೆಯ ದಾರಿ. ಕತ್ತಲಾಗುತ್ತಿತ್ತು. ಮೇಲ್ಸೇತುವೆ, ಅದರ ಮೇಲೆ ಇನ್ನೊಂದು ಮೇಲ್ಸೇತುವೆ, ತಗಡಿನ ಸೂರುಗಳ ಗುಂಪು, ಅದರ ಪಕ್ಕಕ್ಕೇ ಮೂವತ್ತು ನಲವತ್ತು ಮಹಡಿಯ ಗಾಜಿನ ಕಟ್ಟಡ, ಮತ್ತೆ ತಗಡು. ರೈಲಿನ ದನಿ ಪ್ರತಿ ನಿಲ್ದಾಣಕ್ಕೂ 'ಸಥಾನೀ' ಎನ್ನುತ್ತಿತ್ತು. ಸ್ಥಾನ. ಕೊನೆಯ ನಿಲ್ದಾಣದಲ್ಲಿ ಇಳಿದು ಬೆನ್ನಿಗೆ ಚೀಲ ಹಾಕಿಕೊಂಡು ನಡೆದೆ. ನನ್ನ ಹಾಸ್ಟೆಲ್ ಇದ್ದ ಬಡಾವಣೆಯ ಹೆಸರು ರಾಚಥೇವಿ. ರಾಜದೇವಿ ಎಂದು ಬರೆದಿರುತ್ತಾರೆ. ಊರಿನ ಹೆಸರೇ ಕ್ರುಂಗ್ ಥೇಪ್, ಅಂದರೆ ದೇವನಗರಿ. ಬ್ಯಾಂಕಾಕ್ ಎನ್ನುವುದು ಹೊರಗಿನವರ ಬಾಯಲ್ಲಿ ಉಳಿದುಕೊಂಡ ಹಳೆಯ ಹಳ್ಳಿಯ ಹೆಸರು. 1782ರಲ್ಲಿ ಒಂದನೆಯ ರಾಮ ದೊರೆ ಇಲ್ಲಿ ರಾಜಧಾನಿ ಕಟ್ಟಿದ. ಇದರ ಪೂರ್ತಿ ಹೆಸರು ಜಗತ್ತಿನಲ್ಲೇ ಅತಿ ಉದ್ದದ ಊರ ಹೆಸರೆಂದು ಗಿನ್ನೆಸ್ ದಾಖಲೆಗೆ ಸೇರಿದೆ. ಬಿಡಿಸಿ ಕೇಳಿದರೆ ನಮಗೆ ಅರ್ಧಕ್ಕರ್ಧ ತಿಳಿಯುತ್ತದೆ: ಮಹಾನಗರ, ಅಮರರತ್ನ, ಅಯೋಧ್ಯಾ, ಮಹಾತಿಲಕ, ನವರತ್ನ ರಾಜಧಾನಿ, ಪುರಿ ರಮ್ಯ, ಉತ್ತಮ ರಾಜನಿವೇಶನ, ಮಹಾಸ್ಥಾನ, ಅಮರ ವಿಮಾನ... ನಮ್ಮ ಶಾಸನಗಳ ಬಿರುದಾವಳಿ ಓದಿ ಅಭ್ಯಾಸವಿದ್ದವರಿಗೆ ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂಬುದೂ ಗೊತ್ತಾಗುತ್ತದೆ.

ಆದರೆ ಬೋರ್ಡಿನಲ್ಲಿ ಕಂಡದ್ದನ್ನು ಬಾಯಿಬಿಟ್ಟು ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ. ಥಾಯ್ ಭಾಷೆಗೆ ಐದು ದನಿಗಳ ಏರಿಳಿತವಿದೆ, ಅದು ತಪ್ಪಿದರೆ ಪದವೇ ಬೇರೆ. ಅದಕ್ಕಿಂತ ಹೆಚ್ಚಾಗಿ ಬರೆದದ್ದೆಲ್ಲವನ್ನೂ ಅವರು ಉಚ್ಚರಿಸುವುದಿಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು, ಸ್ವಲ್ಪ ನಿಲ್ಲುತ್ತೇನೆ.

ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ತದ್ಭವಗಳ ಲೆಕ್ಕ ಹಾಕಿದ. ಸಂಸ್ಕೃತದ ಪದ ಕನ್ನಡಿಗರ ನಾಲಗೆಗೆ ಬಂದಾಗ ನಾವು ಬರಹವನ್ನೂ ನಾಲಗೆಯ ಹಿಂದೆಯೇ ಎಳೆದುಕೊಂಡು ಬಂದೆವು. ವೀರ ಬೀರನಾದ, ಯಾತ್ರೆ ಜಾತ್ರೆಯಾಯಿತು, ಶ್ರೀ ಸಿರಿಯಾದಳು. ಥಾಯ್‌ಗಳ ದಾರಿ ಬೇರೆ. ಅವರು ಶ್ರೀ ಎಂದು ಬರೆದೇ ಸೀ ಎಂದು ಓದುತ್ತಾರೆ. ಚಂದ್ರ ಎಂದು ಬರೆದು ಚನ್ ಎನ್ನುತ್ತಾರೆ. ಆಚಾರ್ಯ ಎಂದು ಬರೆದು ಆಚಾನ್ ಎನ್ನುತ್ತಾರೆ, ಸಂಕಿರಣದಲ್ಲಿ ಮೇಷ್ಟ್ರುಗಳನ್ನೆಲ್ಲ ಹುಡುಗರು ಕರೆಯುತ್ತಿದ್ದದ್ದು ಹಾಗೇ. ಓದಬಾರದ ಅಕ್ಷರದ ನೆತ್ತಿಯ ಮೇಲೆ ಸುರುಳಿಯಂಥ ಒಂದು ಸಣ್ಣ ಗುರುತು ಕೂರಿಸುತ್ತಾರೆ. ಅಕ್ಷರ ಅಲ್ಲೇ ಇರುತ್ತದೆ, ಬಾಯಿ ಬಿಡುವುದಿಲ್ಲ. ಟೆಲಿಫೋನಿಗೆ ಅವರ ಮಾತು ಥೋರಸಪ್. ದೂರ ಮತ್ತು ಶಬ್ದ. ಶಬ್ದದ ಕೊನೆಯ ಅಕ್ಷರದ ತಲೆಯ ಮೇಲೂ ಈ ಸುರುಳಿ ಇದೆ. ಗುರುತಿನ ಹೆಸರು ಥಂಥಖಾತ್. ಹಾಸ್ಟೆಲಿನ ಬಂಕ್ ಹಾಸಿಗೆಯಲ್ಲಿ ಮಲಗಿ ಆ ಹೆಸರನ್ನು ಮೂಲಕ್ಕೆ ತಿರುಗಿಸಿದಾಗ ಎದ್ದು ಕೂತೆ. ದಂಡಘಾತ. ಕೋಲಿನ ಪೆಟ್ಟು.

ನನ್ನ ಡಿಗ್ರಿಗೂ ಅಲ್ಲಿ ಹೆಸರಿದೆ. ಪಿಎಚ್.ಡಿ ಅಂದರೆ ಪರಿನ್ಯಾ ಎಕ್, ಅಂದರೆ ಪರಿಜ್ಞಾನದಲ್ಲಿ ಏಕ. ಮೊದಲನೆಯದು, ಎಲ್ಲಕ್ಕಿಂತ ಮೇಲಿನದು ಎಂಬ ಅರ್ಥದಲ್ಲಿ ಏಕ. ನಮ್ಮ ಹಾಸ್ಟೆಲಿನ ಸ್ಕಾಲರುಗಳಿಗೆ ಹೇಳಿದರೆ ಬೇರೆ ಅರ್ಥದಲ್ಲಿ ಒಪ್ಪುತ್ತಾರೆ. ಇನ್ನೊಂದು ಪದ ಸುಖಾ. ಹೆಂಗಸರ ಶೌಚಾಲಯದ ಮೇಲೆ ಕೆಲವು ಕಡೆ 'ಸುಖಾ ಸತ್ರೀ' ಎಂದು ಬರೆದಿರುತ್ತದೆ. ಬೆಂಗಳೂರಿನಿಂದ ಕಲಬುರಗಿಗೆ ರಾತ್ರಿ ಬಸ್ಸಿನಲ್ಲಿ ಒಮ್ಮೆ ಪ್ರಯಾಣ ಮಾಡಿದ ಯಾವ ಹೆಂಗಸೂ ಈ ಅರ್ಥವಿಸ್ತಾರವನ್ನು ಪ್ರಶ್ನಿಸಲಾರಳು.

ಮೊದಲ ರಾತ್ರಿ ಒಂಬತ್ತೂವರೆಗೆ ಊಟಕ್ಕೆಂದು ಓಣಿಗೆ ಇಳಿದೆ. ಓಣಿಗೆ ಅಲ್ಲಿ ಸೋಯ್ ಎನ್ನುತ್ತಾರೆ. ನಾನು ಸಸ್ಯಾಹಾರಿ. ಬ್ಯಾಂಕಾಕಿನಲ್ಲಿ ಅದು ಸುಲಭವಲ್ಲ, ಏನಿಲ್ಲವೆಂದರೂ ಮೀನಿನ ಸಾಸ್ ಬಿದ್ದಿರುತ್ತದೆ. ಆದರೆ ಅದೃಷ್ಟಕ್ಕೆ ಅವು 'ಜೇ' ಹಬ್ಬದ ದಿನಗಳು. ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನ ಚೀನೀ ಮೂಲದವರೂ ಅವರ ಜೊತೆ ಬೇಕಾದಷ್ಟು ಥಾಯ್‌ಗಳೂ ಮಾಂಸ, ಮೊಟ್ಟೆ, ಹಾಲು ಬಿಡುತ್ತಾರೆ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಆ ವರ್ಷ ಅದೂ ನಮ್ಮ ನವರಾತ್ರಿಯೂ ಒಂದೇ ದಿನ ಶುರುವಾಗಿದ್ದವು. ಅಮ್ಮ ಅಲ್ಲಿ ಒಂಬತ್ತು ದಿನ ಮಾಡುವ ಅಡುಗೆಯ ನಿಯಮವೇ ಇಲ್ಲಿ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಗಾಳಿಗೆ ಹಾರಾಡುತ್ತಿತ್ತು.

ಬಾವುಟವಿದ್ದ ಒಂದು ಗಾಡಿಯ ಮುಂದೆ ನಿಂತೆ. ನಾಲ್ಕು ತಗಡಿನ ಮೇಜು, ಪ್ಲಾಸ್ಟಿಕ್ ಸ್ಟೂಲು. ಒಲೆಯ ಮುಂದಿದ್ದ ಐವತ್ತರ ಹೆಂಗಸು ತಲೆಯೆತ್ತದೆ ಕೇಳಿದಳು: "ಕೀ ಖೊನ್?"

ಎಷ್ಟು ಜನ? ಫೋನಿನಲ್ಲಿ ಕಲಿತ ಪಾಠದಲ್ಲಿ ಇದಿತ್ತು. "ಖೊನ್ ದಿಯಾವ್" ಎಂದೆ. ಒಬ್ಬಳೇ.

ಅವಳು ಸೌಟಿನ ತುದಿಯಿಂದ ಒಂದು ಸ್ಟೂಲು ತೋರಿಸಿದಳು, ಅಷ್ಟೆ. ಮಾತು ಮುಗಿಯಿತು.

ಇದರಲ್ಲಿ ಏನಿದೆ ಎಂದು ಕೆಲವರಿಗೆ ಅನಿಸಬಹುದು. ಈ ಪ್ರಶ್ನೆ ನಮ್ಮ ಹೋಟೆಲುಗಳಲ್ಲೂ ಇದೆ. ಎಷ್ಟು ಜನ ಮೇಡಂ? ಒಬ್ಬಳೇ ಎಂದ ಕೂಡಲೇ ಪ್ರಶ್ನೆ ಕೇಳಿದವನ ಕಣ್ಣು ನನ್ನ ಹೆಗಲು ದಾಟಿ ಹಿಂದಕ್ಕೆ ಹೋಗುತ್ತದೆ, ಯಾರಾದರೂ ಗಾಡಿ ನಿಲ್ಲಿಸಿ ಬರುತ್ತಿರಬಹುದೆಂದು. ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಫ್ಯಾಮಿಲಿ ರೂಮಿನ ಕಡೆ ಕೈ ತೋರಿಸುತ್ತಾನೆ. ಒಬ್ಬಳೇ ಬಂದ ಹೆಂಗಸು ನಮ್ಮ ಕಡೆ ಯಾವಾಗಲೂ ಒಂದು ಫ್ಯಾಮಿಲಿ. ಆ ಕೋಣೆಯಲ್ಲಿ ಆರು ಜನ ಕೂರುವ ಮೇಜಿನ ಮೂಲೆಯಲ್ಲಿ ಕೂತು, ಹಿಂದೆ ಕಾಯುತ್ತಿರುವ ಸಂಸಾರದ ಕಣ್ಣು ತಪ್ಪಿಸಿ ಬೇಗ ಬೇಗ ತಿಂದು ಎದ್ದ ಮಸಾಲೆ ದೋಸೆಗಳು ಎಷ್ಟೋ. ಮೈಸೂರಿನಲ್ಲಿ ಇಷ್ಟು ವರ್ಷ ಇದ್ದೂ ರಾತ್ರಿ ಒಂಬತ್ತರ ಮೇಲೆ ಬೀದಿಬದಿಯ ಗಾಡಿಯ ಮುಂದೆ ಒಬ್ಬಳೇ ಕೂತು ನಿಧಾನವಾಗಿ ಉಂಡದ್ದು ನನಗೆ ನೆನಪಿಲ್ಲ.

ಇಲ್ಲಿ ಸುತ್ತ ಕೂತಿದ್ದವರಲ್ಲಿ ಮುಕ್ಕಾಲು ಪಾಲು ಒಬ್ಬೊಬ್ಬರೇ. ಆಫೀಸಿನ ಗುರುತಿನ ಚೀಟಿ ಇನ್ನೂ ಕೊರಳಲ್ಲಿದ್ದ ಹುಡುಗಿ, ನರ್ಸ್ ಇರಬಹುದಾದ ಬಿಳಿ ಬಟ್ಟೆಯ ಹೆಂಗಸು, ಕಿತ್ತಳೆ ಬಣ್ಣದ ಜಾಕೀಟಿನ ಮೋಟಾರ್‌ಬೈಕ್ ಟ್ಯಾಕ್ಸಿಯವಳು. ಹೌದು, ಅವಳು. ಬಾಡಿಗೆಯ ನಡುವೆ ಹೆಲ್ಮೆಟನ್ನು ಮೇಜಿನ ಮೇಲೆ ಇಟ್ಟುಕೊಂಡು ಉಣ್ಣುತ್ತಿದ್ದಳು. ಅಲ್ಲಿನ ಬೀದಿಯ ಊಟವೇ ಒಬ್ಬರಿಗೆಂದು ಅಳತೆ ಮಾಡಿದ್ದು: ಒಂದು ತಟ್ಟೆ ಅನ್ನ, ಮೇಲೆ ಎರಡು ಪಲ್ಯ, ಬಲಗೈಲಿ ಚಮಚ, ಎಡಗೈಲಿ ಅದಕ್ಕೆ ಅನ್ನ ದೂಡಲು ಫೋರ್ಕ್. ನನ್ನ ತಟ್ಟೆಯಲ್ಲಿ ಅಣಬೆಯೂ ಹಸಿಮೆಣಸಿನ ಜೊತೆ ಹುರಿದ ತೋಫುವೂ ಇದ್ದವು. ಐವತ್ತು ಬಾತ್, ನಮ್ಮ ಲೆಕ್ಕದಲ್ಲಿ ನೂರಿಪ್ಪತ್ತೈದು ರೂಪಾಯಿ. ತಿಂದು ಮುಗಿಸಿ ಸುಮ್ಮನೆ ಕೂತೆ. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ನೋಡದಿರುವುದು ಒಂದು ತಿನಿಸಿನ ಹಾಗೆ ರುಚಿಯಾಗಿರಬಹುದೆಂದು ನನಗೆ ಗೊತ್ತಿರಲಿಲ್ಲ.

ಆಮೇಲಿನ ದಿನಗಳಲ್ಲಿ ಊರು ನನ್ನ ಮೇಲೆ ಒಟ್ಟಿಗೆ ಬಂದು ಬಿತ್ತು. ಬೆಳಗ್ಗೆ ಏಳಕ್ಕೇ ಬಟ್ಟೆ ಬೆನ್ನಿಗಂಟುವ ಸೆಕೆ. ತಲೆಯ ಮೇಲೆ ಕಪ್ಪು ತಂತಿಗಳ ಹೊರೆ, ನಮ್ಮ ಬೆಂಗಳೂರಿನ ಕೇಬಲ್ಲುಗಳು ಅದರ ಮುಂದೆ ಜಡೆ ಹಾಕಿದ ಹಾಗೆ ಕಾಣುತ್ತವೆ. ಮೇಲೆ ಸ್ಕೈಟ್ರೈನ್ ಓಡುತ್ತದೆ, 1999ರಿಂದ, ಅದರ ಕೆಳಗೆ ಕಾಲ್ನಡಿಗೆಯ ಇನ್ನೊಂದು ಸೇತುವೆ, ಅದರ ಕೆಳಗೆ ಒಂದೇ ಕಡೆ ನಿಂತ ಕಾರುಗಳು. ಹಾರ್ನ್ ಮಾತ್ರ ಇಲ್ಲ. ಇಷ್ಟು ವಾಹನ ಸೇರಿ ಇಷ್ಟು ಸದ್ದಿಲ್ಲದೆ ಇರುವುದನ್ನು ಕಂಡು ಮೊದಲ ದಿನ ನನಗೆ ಏನೋ ಕೆಟ್ಟದ್ದು ನಡೆದಿದೆ ಎಂದೇ ಅನಿಸಿತ್ತು. ಮಧ್ಯಾಹ್ನ ಮೂರಕ್ಕೆ ಮಳೆ ಹೊಡೆಯಿತೆಂದರೆ ಸೋಯ್‌ಗಳಲ್ಲಿ ಪಾದ ಮುಳುಗುತ್ತದೆ. ಸಮುದ್ರಮಟ್ಟಕ್ಕಿಂತ ಒಂದೂವರೆ ಮೀಟರ್ ಮೇಲಿರುವ ಊರು, ನೀರಿಗೆ ಹೋಗಲು ಜಾಗವೆಲ್ಲಿ. ಜನ ಚಪ್ಪಲಿ ಕೈಗೆ ತೆಗೆದುಕೊಂಡು ಹೋಗುತ್ತಿರುತ್ತಾರೆ.

ದೊಡ್ಡ ಬ್ಯಾಂಕಾಗಲಿ, ಮಾಲ್ ಆಗಲಿ, ಮುಂದೊಂದು ಕಂಬದ ಮೇಲೆ ಪುಟ್ಟ ಗುಡಿ ಇರುತ್ತದೆ. ಕಟ್ಟಡ ಕಟ್ಟಿ ಜಾಗ ಕಿತ್ತುಕೊಂಡದ್ದಕ್ಕೆ ಆ ನೆಲದ ದೇವತೆಗೆ ಕೊಟ್ಟ ಬದಲಿ ಮನೆ. ಸಾನ್ ಫ್ರಾ ಫೂಮ್ ಎನ್ನುತ್ತಾರೆ, ಕೊನೆಯ ಫೂಮ್ ನಮ್ಮ ಭೂಮಿ. ಹೂವು, ಊದುಬತ್ತಿ, ಬಾಳೆಹಣ್ಣು ಸರಿ. ಅವುಗಳ ಜೊತೆ ಕೆಂಪು ಫ್ಯಾಂಟಾ ಬಾಟಲಿ, ಮುಚ್ಚಳ ತೆಗೆದು, ಒಳಗೆ ಸ್ಟ್ರಾ ಹಾಕಿ ಇಟ್ಟಿರುತ್ತಾರೆ. ದೇವರಿಗೆ ಸ್ಟ್ರಾ ಹಾಕಿಕೊಡುವ ಈ ಕಾಳಜಿ ನನಗೆ ತುಂಬಾ ಹಿಡಿಸಿತು. ತಿಪಟೂರಿನವಳಾದ್ದರಿಂದ ಎಳನೀರಿನ ಬಗ್ಗೆಯೂ ಒಂದು ಮಾತು. ಸಿಪ್ಪೆಯನ್ನು ಬೆಳ್ಳಗೆ ಕೆತ್ತಿ, ತಲೆಯನ್ನು ಗೋಪುರದ ಹಾಗೆ ಚೂಪು ಮಾಡಿ ಐಸಿನಲ್ಲಿ ಕೂರಿಸಿರುತ್ತಾರೆ. ಬೆಲೆ ಕೇಳಿ ಫೋನಿನಲ್ಲಿ ಹೇಳಿದಾಗ ಅಮ್ಮ, "ಆ ದುಡ್ಡಿಗೆ ಇಲ್ಲಿ ಗೊನೆ ಇಳಿಸ್ಕೊಡ್ತಾರೆ, ಕುಡೀಬೇಡ" ಎಂದಳು. ಕುಡಿದೆ. ನಮ್ಮದಕ್ಕಿಂತ ಸಿಹಿ, ಹೇಳಲಿಲ್ಲ.

ಹಾಸ್ಟೆಲಿನಲ್ಲಿ ಕಸ ಗುಡಿಸುವ ಹಿರಿಯಳು ಎರಡನೆಯ ದಿನದಿಂದ ನನ್ನನ್ನು ಕಂಡಾಗಲೆಲ್ಲ "ಕಿನ್ ಖಾವ್ ರೂ ಯಾಂಗ್?" ಎನ್ನತೊಡಗಿದಳು. ಅನ್ನ ಉಂಡೆಯಾ ಇನ್ನೂ ಇಲ್ಲವಾ? ಅಕ್ಷರಕ್ಕೆ ಅಕ್ಷರ ನಮ್ಮ ಊಟ ಆಯ್ತಾ. ನಮ್ಮ ಹಾಗೆಯೇ ಅವರಿಗೂ ಉತ್ತರ ಬೇಕಿಲ್ಲ, ಕೇಳುವುದೇ ನಮಸ್ಕಾರ. ಇನ್ನೊಂದು ಮಾತು "ಪೈ ನೈ?", ಎಲ್ಲಿಗೆ ಹೊರಟೆ? ಇದನ್ನು ನಾವು ಕೇಳುವುದಿಲ್ಲ. ಹೊರಟವರನ್ನು ಎಲ್ಲಿಗೆ ಎಂದರೆ ಅಪಶಕುನ, "ದೂರ ಹೊರಟ್ರಾ?" ಎಂದು ಸುತ್ತಿ ಬಳಸಿ ಕೇಳುತ್ತೇವೆ. ಅವಳು ನೇರವಾಗಿ ಕೇಳುತ್ತಿದ್ದಳು, ನಾನು ಕೈಬೀಸಿ "ಅಲ್ಲಿ" ಎಂದು ಕನ್ನಡದಲ್ಲೇ ಹೇಳಿ ಹೋಗುತ್ತಿದ್ದೆ. ಅವಳಿಗೆ ಅಷ್ಟು ಸಾಕಾಗಿತ್ತು.

ಹೋಗುತ್ತಿದ್ದದ್ದು ಎಲ್ಲಿಗೂ ಅಲ್ಲ. ಕೆಲಸವಿಲ್ಲದೆ ನಡೆಯುವುದು ನನಗೆ ಹೊಸದು. ಊರಿನಲ್ಲಿ ನಾನು ನಡೆಯುವುದು ಲೈಬ್ರರಿಗೆ, ಬಸ್ ನಿಲ್ದಾಣಕ್ಕೆ, ಮೆಡಿಕಲ್ ಶಾಪಿಗೆ. ಸಂಜೆ ಲುಂಫಿನೀ ಉದ್ಯಾನಕ್ಕೆ ಹೋಗಿ ಕೂರುತ್ತಿದ್ದೆ. ಬುದ್ಧ ಹುಟ್ಟಿದ ಲುಂಬಿನಿಯ ಹೆಸರು. ಕೆರೆಯಲ್ಲಿ ಆಳುದ್ದದ ಉಡಗಳು ಈಜುತ್ತವೆ, ದಡಕ್ಕೆ ಬಂದು ಹುಲ್ಲಿನ ಮೇಲೆ ಬಿದ್ದುಕೊಳ್ಳುತ್ತವೆ, ಜನ ಸುತ್ತಿ ಓಡುತ್ತಾರೆ. ಅವರ ಭಾಷೆಯಲ್ಲಿ ಉಡ ಎನ್ನುವುದು ದೊಡ್ಡ ಬೈಗುಳವಂತೆ, ಆದ್ದರಿಂದ ಯಾರೂ ಬೆರಳು ತೋರಿಸಿ ಹೆಸರು ಹೇಳುವುದಿಲ್ಲ. ಆರು ಗಂಟೆಗೆ ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಬರುತ್ತದೆ. ಓಡುತ್ತಿದ್ದವರು ಓಡುತ್ತಿದ್ದ ಕಡೆಯೇ ನಿಂತುಬಿಡುತ್ತಾರೆ, ಬೆವರು ಒರೆಸುವ ಕೈಯೂ ಇಳಿಯುತ್ತದೆ. ಗೀತೆ ಮುಗಿದ ಮರುಕ್ಷಣ ಎಲ್ಲರೂ ಮತ್ತೆ ಓಟ. ಮೊದಲ ಸಂಜೆ ನಾನೂ ಎದ್ದು ನಿಂತೆ. ಉಡ ಮಾತ್ರ ನಡೆಯುತ್ತಲೇ ಇತ್ತು.

ಇಷ್ಟು ಬರೆದಾಗ ಇದೊಂದು ಹೆಂಗಸರ ಸ್ವರ್ಗ ಎಂದು ನಾನು ಹೇಳುತ್ತಿದ್ದೇನೆ ಅನಿಸಬಹುದು. ಸಂಕಿರಣದಲ್ಲಿ ಪರಿಚಯವಾದ, ನನಗಿಂತ ಆರು ವರ್ಷ ದೊಡ್ಡವರಾದ ಥಾಯ್ ಅಧ್ಯಾಪಕಿಯೊಬ್ಬರ ಮುಂದೆ ನಾನು ಸ್ಟೂಲಿನ ಕತೆ, ಯಾರೂ ನೋಡದ ಕತೆಯನ್ನೆಲ್ಲ ಉತ್ಸಾಹದಿಂದ ಹೇಳಿದೆ. ಅವರು ಈಸಾನ್ ಕಡೆಯವರು, ಅಂದರೆ ಈಶಾನ್ಯದವರು. ಆ ದಿಕ್ಕಿನ ಹೆಸರೂ ನಮಗೆ ತಿಳಿದದ್ದೇ. ಪೂರ್ತಿ ಕೇಳಿಸಿಕೊಂಡು ನಕ್ಕರು. ಪ್ರತಿ ವರ್ಷ ಹೊಸವರ್ಷದ ಹಬ್ಬಕ್ಕೆ ಬಸ್ಸಿನಲ್ಲಿ ಊರಿಗೆ ಹೋದಾಗ ತನ್ನ ಚಿಕ್ಕಮ್ಮಂದಿರು ಕೇಳುವ ಪ್ರಶ್ನೆ ಒಂದೇ ಎಂದರು. "ಈ ಊರು ನಿನ್ನನ್ನು ಏನೂ ಕೇಳುವುದಿಲ್ಲ, ಯಾಕೆಂದರೆ ನೀನು ಇದಕ್ಕೆ ಯಾರೂ ಅಲ್ಲ. ನನ್ನನ್ನು ಕೇಳುತ್ತದೆ. ನಾನು ಮೈಸೂರಿಗೆ ಬಂದರೆ ನಿಮ್ಮೂರೂ ನನ್ನನ್ನು ಏನೂ ಕೇಳಲಿಕ್ಕಿಲ್ಲ." ಕೇಳುತ್ತದೆ ಎಂದು ನನಗೆ ಗೊತ್ತಿತ್ತು, ಎಲ್ಲಿಯವರು, ಮದುವೆಯಾಗಿದೆಯಾ, ಮಕ್ಕಳೆಷ್ಟು ಎಂದು ಆಟೋದವರೇ ಮೂರು ಸಿಗ್ನಲ್ಲಿನಲ್ಲಿ ಮುಗಿಸುತ್ತಾರೆ. ಆದರೂ ಅವರ ಮಾತು ಒಳಗೆ ನಾಟಿಕೊಂಡಿತು.

ನಾಲ್ಕನೆಯ ರಾತ್ರಿ ಅಸೋಕ್ ನಿಲ್ದಾಣದಿಂದ, ಹೌದು ನಮ್ಮ ಅಶೋಕನೇ, ರಾಚಥೇವಿಗೆ ಸ್ಕೈಟ್ರೈನಿನಲ್ಲಿ ಬರುತ್ತಿದ್ದೆ. ಒಂಬತ್ತರ ಸುಮಾರು. ಪ್ರತೂನಾಮ್ ಮಾರುಕಟ್ಟೆಯಲ್ಲಿ ಕೊಂಡ ಮೊಣಕಾಲಿನವರೆಗಿನ ನೀಲಿ ಸ್ಕರ್ಟ್ ಹಾಕಿಕೊಂಡಿದ್ದೆ. ಅಂಥದ್ದು ಹೈಸ್ಕೂಲ್ ಯೂನಿಫಾರ್ಮಿನ ನಂತರ ಹಾಕಿದ್ದು ಇದೇ ಮೊದಲು. ಮೂರು ದಿನದಿಂದ ಅದರ ನೆನಪೇ ನನಗಿರಲಿಲ್ಲ. ಮುಂದಿನ ನಿಲ್ದಾಣ ನಾನಾ. ಆ ಸುತ್ತಿನ ಬೀದಿಗಳು ಬಾರುಗಳಿಗೆ ಹೆಸರಾದವು, ನಮ್ಮೂರ ನಗೆಯ ಮೂಲಸ್ಥಾನ. ಬಾಗಿಲು ತೆರೆಯಿತು.

"ಲೇ, ಬಾರ್ಲಾ ಈ ಕಡೆ, ಸೀಟದೆ!"

ನಮ್ಮ ಕನ್ನಡ. ಬರೀ ಕನ್ನಡವಲ್ಲ, ನಮ್ಮ ಸೀಮೆಯ, ನನ್ನ ಸೋದರಮಾವಂದಿರ ಕನ್ನಡ. ಐದು ಜನ, ನಲವತ್ತರ ಆಚೀಚೆ. ನನ್ನ ತಲೆ ಅದನ್ನು ಕನ್ನಡವೆಂದು ಗುರುತಿಸುವ ಮೊದಲೇ ಕೈ ಗುರುತಿಸಿತ್ತು. ಪಕ್ಕದಲ್ಲಿದ್ದ ಬ್ಯಾಗು ಮಡಿಲಿಗೆ ಬಂದು ಮೊಣಕಾಲು ಮುಚ್ಚಿತು. ಕನ್ನಡದಲ್ಲಿ ತೆರೆದಿದ್ದ ಫೋನಿನ ಪರದೆ ಅಂಗೈಗೆ ಮಗುಚಿಕೊಂಡಿ‌ತು. ಬೆನ್ನು ನೆಟ್ಟಗಾಗಿ, ಕಣ್ಣು ಕಿಟಕಿಗೆ ಹೋಯಿತು. ಇಡೀ ಊರಿನಲ್ಲಿ ನಾನು ಹೆದರದೆ ಕೂತಿದ್ದ ನಾಲ್ಕು ದಿನವನ್ನು ಐದು ಪದಗಳೊಳಗೇ ನನ್ನ ಮೈ ಹಿಂದಕ್ಕೆ ಕೊಟ್ಟಿತ್ತು. ನಾನು ಓದುವ, ಬರೆಯುವ, ಕನಸು ಕಾಣುವ ಭಾಷೆ. ಅದರ ಒಂದೊಂದು ತದ್ಭವಕ್ಕೂ ಚೀಟಿ ಮಾಡಿ ಪೆಟ್ಟಿಗೆಯಲ್ಲಿ ಜೋಡಿಸಿದವಳು ನಾನು.

ಎದುರಿಗೇ ಕೂತರು. ಒಬ್ಬ ನನ್ನ ಕಡೆ ನೋಡಿ ಪಕ್ಕದವನಿಗೆ ಹೇಳಿದ, ದನಿ ತಗ್ಗಿಸುವ ಅಗತ್ಯ ಅವನಿಗೆ ಕಾಣಲಿಲ್ಲ. "ಇಂಡಿಯನ್ ಇರ್ಬೇಕು ಕಣ್ಲಾ."

"ಇರ್ಲಾರ್ದು ಬಿಡು. ಒಬ್ಳೇ ಅವ್ಳೆ."

ಅದೇ ಪದ. ಗಾಡಿಯ ಹೆಂಗಸಿಗೆ ನಾನೇ ಹೇಳಿದ್ದ ಪದ. ಅವಳಿಗೆ ಅದು ಸ್ಟೂಲಿನ ಲೆಕ್ಕವಾಗಿತ್ತು, ಇಲ್ಲಿ ನನ್ನ ದೇಶ ಯಾವುದಲ್ಲ ಎಂಬುದಕ್ಕೆ ಸಾಕ್ಷಿಯಾಯಿತು. ಒಬ್ಬಳೇ ಇರುವುದರಿಂದ ನಮ್ಮವಳಿರಲಾರಳು. ಅವರು ಅಷ್ಟಕ್ಕೇ ನನ್ನನ್ನು ಬಿಟ್ಟು ಮಾರನೆಯ ದಿನದ ಟ್ಯಾಕ್ಸಿಯ ಲೆಕ್ಕಕ್ಕೆ ಹೋದರು. ಕೆಟ್ಟ ಮಾತೇನೂ ಆಡಲಿಲ್ಲ. ಒಬ್ಬನಿಗೆ ಹೊಟ್ಟೆ ಸರಿಯಿರಲಿಲ್ಲ, ಮಜ್ಜಿಗೆ ಎಲ್ಲಿ ಸಿಗುತ್ತದೆ ಎನ್ನುತ್ತಿದ್ದ. ಕೊನೆಯಲ್ಲಿ ಕೂತಿದ್ದ ದಪ್ಪ ಮನುಷ್ಯನಿಗೆ ವೀಡಿಯೊ ಕಾಲ್ ಬಂತು. ಪರದೆಯಲ್ಲಿ ಮಗಳಿರಬೇಕು. ಅವನು ಮುಖವನ್ನು ಫೋನಿಗೆ ಹತ್ತಿರ ತಂದುಕೊಂಡು ಕೇಳಿದ: "ಊಟ ಆಯ್ತಾ ಪುಟ್ಟಿ? ಗೊಂಬೆ ಜೋಡ್ಸಿದ್ರಾ?"

ಅವನನ್ನು ದ್ವೇಷಿಸುವುದು ಆ ಕ್ಷಣದಲ್ಲಿ ಸುಲಭವಾಗಿದ್ದರೆ ಒಳ್ಳೆಯದಿತ್ತು. ನಾನಾದ ಬೀದಿಗಳಲ್ಲಿ ನಿಲ್ಲುವ ಹುಡುಗಿಯರಲ್ಲಿ ಬಹಳ ಮಂದಿ ನನ್ನ ಹೊಸ ಗೆಳತಿಯ ಊರ ಕಡೆಯವರು, ಈಸಾನಿನವರು. ಹೊಲ ಕೈಕೊಟ್ಟ ಮನೆಗಳಿಂದ ನಗರಕ್ಕೆ ಬಂದು ದುಡ್ಡು ಕಳಿಸುವ ಹೆಣ್ಣುಮಕ್ಕಳ ಬಗ್ಗೆ ಥಾಯ್ ಅರ್ಥಶಾಸ್ತ್ರಜ್ಞೆ ಪಾಸುಕ್ ಫೊಂಗ್‌ಪೈಚಿತ್ 1982ರಲ್ಲೇ ಅಧ್ಯಯನ ಪ್ರಕಟಿಸಿದ್ದರು. ಈ ಕಸುಬು ಅಲ್ಲಿ 1960ರಿಂದ ಕಾನೂನಿನ ಪ್ರಕಾರ ನಿಷಿದ್ಧ. ಆ ನಿಷೇಧದ ನಂತರವೇ, ವಿಯೆಟ್ನಾಂ ಯುದ್ಧದ ಅಮೆರಿಕನ್ ಸೈನಿಕರು ರಜೆ ಕಳೆಯಲು ಬರತೊಡಗಿದ ವರ್ಷಗಳಲ್ಲಿ, ಈ ವ್ಯಾಪಾರ ಕುದುರಿದ್ದು. ಅಂದರೆ ನನ್ನನ್ನು ಯಾರೂ ನೋಡದ ಅದೇ ಊರಿನ ಎರಡು ಬೀದಿ ಆಚೆ, ನೋಡಿಸಿಕೊಳ್ಳುವುದನ್ನೇ ಕೂಲಿ ಮಾಡಿಕೊಂಡ ನನ್ನ ವಯಸ್ಸಿನವರು ನಿಂತಿದ್ದಾರೆ. ನೋಡಲು ಬರುವವರಲ್ಲಿ ಗೊಂಬೆ ಹಬ್ಬದ ವಿಚಾರಿಸುವ ಅಪ್ಪಂದಿರೂ ಇದ್ದಾರೆ. ಸಿಯಾಮ್ ನಿಲ್ದಾಣದಲ್ಲಿ ಅವರು ಇಳಿಯುವವರೆಗೆ ನಾನು ಒಂದಕ್ಷರ ಆಡಲಿಲ್ಲ. ನಾನೂ ನಿಮ್ಮ ಸೀಮೆಯವಳೇ ಎನ್ನುವ ಮಾತು ಬಾಯಿಯವರೆಗೆ ಬಂದು ಅಲ್ಲೇ ಕೂತಿತ್ತು, ತಲೆಯ ಮೇಲೆ ಸುರುಳಿ ಹೊತ್ತುಕೊಂಡು.

ಆ ರಾತ್ರಿ ದೊಡ್ಡಪ್ಪನ ಫೋನು ಬಂತು. "ಎಲ್ರೂ ಚೆನ್ನಾಗಿದೀರಾ?" ಎಂದರು. "ಎಲ್ರೂ ಚೆನ್ನಾಗಿದೀವಿ ದೊಡ್ಡಪ್ಪ" ಎಂದೆ. "ಹುಡುಗೀರೆಲ್ಲ ಒಟ್ಟಿಗೇ ಓಡಾಡ್ರಮ್ಮ." ಓಡಾಡುತ್ತಿದ್ದೇವೆ ಎಂದೆ.

ಸೆನ್‌ಸೇಪ್ ಕಾಲುವೆಯ ದೋಣಿಯನ್ನು ನಾನು ಕೊನೆಗೆ ಉಳಿಸಿಕೊಂಡಿದ್ದೆ. ಹಾಸ್ಟೆಲಿನಿಂದ ಐದು ನಿಮಿಷ ನಡೆದರೆ ಹುವಾ ಚಾಂಗ್ ಸೇತುವೆ, ಆನೆತಲೆ ಸೇತುವೆ ಎಂದು ಅರ್ಥ, ಅದರ ಕೆಳಗೇ ದೋಣಿಕಟ್ಟೆ. 1837ರಲ್ಲಿ ಈ ಕಾಲುವೆಯನ್ನು ಅಗೆಯಲು ಶುರುಮಾಡಿದ್ದು ವಿಯೆಟ್ನಾಮಿನ ಜೊತೆಗಿನ ಯುದ್ಧಕ್ಕೆ ಸೈನ್ಯ ಸಾಗಿಸಲೆಂದು. ಈಗ ಆಫೀಸಿನವರನ್ನು ಸಾಗಿಸುತ್ತದೆ. ಪ್ರವಾಸಿಗಳ ದೋಣಿಯಲ್ಲ ಇದು, ಸಿಟಿ ಬಸ್ಸು. ಉದ್ದನೆಯದು, ಕಟ್ಟೆಗೆ ಪೂರ್ತಿ ನಿಲ್ಲುವುದಿಲ್ಲ, ಒಂದು ಹಗ್ಗ ಹಾಕಿ ಇಳಿಯುವವರು ಇಳಿದು ಹತ್ತುವವರು ಹಾರಿದ ಕೂಡಲೇ ಹೊರಡುತ್ತದೆ. ಕಂಡಕ್ಟರುಗಳು ಹೆಲ್ಮೆಟ್ ಹಾಕಿಕೊಂಡು ದೋಣಿಯ ಹೊರ ಅಂಚಿನ ಮೇಲೆ ನಡೆಯುತ್ತಾ ಟಿಕೆಟ್ ಕೊಡುತ್ತಾರೆ. ಸೇತುವೆಗಳು ಎಷ್ಟು ತಗ್ಗೆಂದರೆ ಕೆಲವು ಕಡೆ ದೋಣಿಯ ಸೂರನ್ನೇ ಇಳಿಸಬೇಕು. ನೀರು ಕಪ್ಪು. ವಾಸನೆಯ ಬಗ್ಗೆ ಬೆಂಗಳೂರಿನ ರಾಜಕಾಲುವೆಯ ಪಕ್ಕ ಮನೆ ಮಾಡಿದವರಿಗೆ ಹೇಳಬೇಕಿಲ್ಲ.

ಹೊರಡುವ ಹಿಂದಿನ ಸಂಜೆ ಆರರ ದಟ್ಟಣೆಯಲ್ಲಿ ಹಾರಿ ಹತ್ತಿದೆ. ಒಳಗೆ ಜಾಗವಿರಲಿಲ್ಲ, ಅಂಚಿನ ಸೀಟು ಸಿಕ್ಕಿತು. ಆ ಸೀಟು ಯಾಕೆ ಖಾಲಿ ಇತ್ತೆಂದು ಆಮೇಲೆ ತಿಳಿಯಿತು. ದೋಣಿಯ ಎರಡೂ ಬದಿಗೆ ಉದ್ದಕ್ಕೆ ಪ್ಲಾಸ್ಟಿಕ್ ಪರದೆ ಕಟ್ಟಿರುತ್ತಾರೆ, ಮೇಲಿನ ರಾಟೆಯಿಂದ ಒಂದು ಹಗ್ಗ ಇಳಿಬಿದ್ದಿರುತ್ತದೆ. ಎದುರಿನಿಂದ ಇನ್ನೊಂದು ದೋಣಿ ಬಂದಾಗ ಅಲೆ ಏಳುತ್ತದೆ. ಅಂಚಿನಲ್ಲಿ ಕೂತವರು ಹಗ್ಗ ಜಗ್ಗಿ ಪರದೆ ಏರಿಸಿ, ಅಲೆ ಕಳೆದ ಮೇಲೆ ಬಿಡಬೇಕು. ಯಾವಾಗಲೂ ಏರಿಸಿಯೇ ಇಟ್ಟರೆ ಒಳಗಿನವರಿಗೆ ಗಾಳಿಯಿಲ್ಲ. ಪಕ್ಕದಲ್ಲಿ ತರಕಾರಿ ಚೀಲಗಳ ನಡುವೆ ಕೂತಿದ್ದ ಹೆಂಗಸು ನನ್ನ ತೋಳಿಗೆ ಬೆರಳಿನಿಂದ ತಟ್ಟಿ ಹಗ್ಗ ತೋರಿಸಿದಳು. ಎದುರಿನ ದೋಣಿಯ ದೀಪ ಕಾಣುತ್ತಿತ್ತು. ಎರಡೂ ಕೈಯಲ್ಲಿ ಜಗ್ಗಿದೆ. ನಮ್ಮೂರ ಬಾವಿಯಲ್ಲಿ ನೀರು ಸೇದಿ ಗೊತ್ತಿದ್ದ ಕೈ, ಪರದೆ ಒಂದೇ ಎಳೆತಕ್ಕೆ ಮೇಲೆದ್ದಿತು, ಹೊರಗೆ ನೀರು ಟಪಟಪ ಹೊಡೆದು ಇಳಿಯಿತು. ಬಿಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ ದೀಪ, ಮತ್ತೆ ಜಗ್ಗಿದೆ. ಮೂರನೆಯ ಸಲ ಅವಳು ತಟ್ಟಬೇಕಾಗಲಿಲ್ಲ.

ಆಮೇಲೆ ಅವಳು ನನ್ನ ಕಡೆ ತಿರುಗಿ ಏನೋ ಕೇಳಿದಳು. ಇಂಜಿನ್ನಿನ ಸದ್ದಿಗೆ ಪೂರ್ತಿ ಕೇಳಿಸಲಿಲ್ಲ, ಕೊನೆಯ ಪದ ಮಾತ್ರ ಕೇಳಿಸಿತು: ದಿಯಾವ್. ನಾನು ಹೌದೆಂದು ತಲೆಯಾಡಿಸಿದೆ. ಅವಳು ಚೀಲದಿಂದ ಒಂದು ಸಣ್ಣ ಬಾಳೆಹಣ್ಣು ಮುರಿದು ಕೊಟ್ಟಳು. ನನ್ನ ಕೈಯಲ್ಲಿ ಹಗ್ಗವಿದ್ದದ್ದನ್ನು ನೋಡಿ ವಾಪಸ್ ತೆಗೆದುಕೊಂಡು, ಅರ್ಧ ಸಿಪ್ಪೆ ಸುಲಿದು ಮತ್ತೆ ಕೊಟ್ಟಳು.